ಸ್ತನ ಕ್ಯಾನ್ಸರ್ ಆಗಿತ್ತೆಂದು ಊರಿನಲ್ಲಿ ಹೇಳಿಕೊಳ್ಳಬಹುದೆ?

ಪ್ರಶ್ನೆ (ಮೂಡಿಗೆರೆಯಿಂದ):
ಕಳೆದ ವರ್ಷ ನನ್ನ ಎಡ ಸ್ತನದಲ್ಲಿ ಕ್ಯಾನ್ಸರ್ ಇರುವುದು ತಿಳಿದು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕಿಮೋ ಮುಗಿದು ಈಗ ಕ್ಯಾನ್ಸರ್ ಮರುಕಳಿಸದಿರಲೆಂದು ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ಊರಿನವರಿಗೆ ‘ಗಡ್ಡೆ ತೆಗೆಸಿದ್ದಾರೆ’ ಎಂದಷ್ಟೇ ಗೊತ್ತು. ಮಗಳಿಗೆ ಗಂಡು ನೋಡುತ್ತಿರುವಾಗ ವಿಷಯ ಹೊರಬೀಳಬಾರದೆಂಬುದು ಅತ್ತೆಯವರ ಆತಂಕ, ಅದನ್ನು ತಪ್ಪೆನ್ನಲಾರೆ. ಆದರೆ ನಮ್ಮ ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳೊಬ್ಬಳು ತನ್ನ ಎದೆಯಲ್ಲಿ ಗಂಟಿದೆ, ನೋವಿಲ್ಲವಾದ್ದರಿಂದ ರೊಬಸ್ಟಾ ಕಾಫಿಯ ಕುಯ್ಲು ಮುಗಿದ ಮೇಲೆ ತೋರಿಸುತ್ತೇನೆ ಎನ್ನುತ್ತಿದ್ದಾಳೆ. ನನ್ನದೂ ನೋವಿಲ್ಲದ ಗಂಟೇ ಆಗಿತ್ತು. ಬೇಗ ಹೋಗೆಂದರೆ ಕೇಳದವಳು, ನನಗಾದದ್ದನ್ನು ಹೇಳಿದರೆ ಕೇಳಿಯಾಳು. ಹಾಗೆ ಹೇಳಿದರೆ ಮಗಳ ಮದುವೆಗೆ ಅಡ್ಡಿಯಾದೀತೆ?

ಉತ್ತರ (ಹಾಸನದಿಂದ, ನಿವೃತ್ತ ಶುಶ್ರೂಷಕಿ):
ಸೋದರಿ, ಮೊದಲು ಆಕೆಯ ವಿಷಯ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಜ. ಆದರೆ ನೋವಿಲ್ಲ ಎಂಬುದು ಧೈರ್ಯಕ್ಕೆ ಕಾರಣವಲ್ಲ. ವೈದ್ಯರು ಕೈಯಿಂದ ಪರೀಕ್ಷಿಸಿ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಅಥವಾ ಸ್ಕ್ಯಾನಿಂಗ್ ಮಾಡಿಸಿ, ಅಗತ್ಯವಿದ್ದರೆ ಸೂಜಿಯಿಂದ ತುಣುಕು ತೆಗೆದು ನೋಡಿದ ಮೇಲೆಯೇ ಅದು ಯಾವ ಗಂಟೆಂದು ತೀರ್ಮಾನವಾಗುವುದು. ಕುಯ್ಲು ಮುಗಿಯುವವರೆಗೆ ಕಾಯದೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಈ ವಾರವೇ ಹೋಗಲಿ. ಸಾಧ್ಯವಾದರೆ ತಾವೂ ಜೊತೆಗೆ ಹೋಗಿ.

ಮಗಳ ಬಗ್ಗೆ ಹೇಳುವುದಾದರೆ, ಇದು ಅಂಟುವ ರೋಗವಲ್ಲ, ಮತ್ತು ವಂಶವಾಹಿಯಿಂದ ಬರುವ ಸ್ತನ ಕ್ಯಾನ್ಸರ್ ಒಟ್ಟಾರೆ ಶೇಕಡಾ 5ರಿಂದ 10ರಷ್ಟು ಮಾತ್ರ. ತಮ್ಮ ತಾಯಿಗೋ ಅಕ್ಕತಂಗಿಯರಿಗೋ ಬಂದಿದ್ದರೆ, ಅಥವಾ ತಮಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಬಿಆರ್‌ಸಿಎ ಪರೀಕ್ಷೆ (ವಂಶವಾಹಿಯ ದೋಷವನ್ನು ಹುಡುಕುವ ಪರೀಕ್ಷೆ) ಬೇಕೇ ಎಂದು ತಮ್ಮ ವೈದ್ಯರನ್ನು ಕೇಳಿ.

ಉತ್ತರ (ಸಕಲೇಶಪುರದಿಂದ):
ಅಕ್ಕ, ನನಗೂ ಇದೇ ಚಿಕಿತ್ಸೆಯಾಗಿದೆ. ನಾನು ಊರಿನಲ್ಲಿ ಹೇಳಿಕೊಂಡದ್ದು ಧೈರ್ಯ ತೋರಿಸುವುದಕ್ಕಲ್ಲ, ಕೈಯನ್ನು ಉಳಿಸಿಕೊಳ್ಳುವುದಕ್ಕೆ. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಕೈಯ ದ್ರವ ಸರಾಗವಾಗಿ ಹರಿಯದೆ ಬಾವು ಬರುವ ಸಂಭವವಿರುತ್ತದೆ. ಮುಳ್ಳು ತರಚಿ ಸೋಂಕಾದರಂತೂ ಬಾವು ಹೆಚ್ಚುತ್ತದೆ. ತೋಟದಲ್ಲಿ ಹಣ್ಣಿನ ಚೀಲ ಎತ್ತೆಂದು ಮೇಸ್ತ್ರಿ ಹೇಳಿದಾಗ, ಕಾರಣ ತಿಳಿಯದವರ ಕಣ್ಣಿಗೆ ನಾವು ಸೋಮಾರಿಗಳಾಗಿ ಕಾಣುತ್ತೇವೆ. ನಾನು ವಿಷಯವನ್ನು ನೇರವಾಗಿ ಹೇಳಿದೆ. ಕೆಲವರು ಮುಖ ತಿರುಗಿಸಿದರು, ಅದು ನೋವಾಯಿತು. ಆದರೆ ಜೊತೆಯ ಹೆಂಗಸರು ಚೀಲವನ್ನು ತಾವೇ ಹೊತ್ತರು, ಅವರಲ್ಲಿ ಇಬ್ಬರು ಸಂಜೆ ಮನೆಗೆ ಬಂದು ತಮ್ಮ ಗಂಟುಗಳ ಬಗ್ಗೆ ಕೇಳಿದರು. ಎಲ್ಲರಿಗೂ ಹೇಳಲೇಬೇಕೆಂದೇನೂ ಇಲ್ಲ. ಆ ಹೆಣ್ಣುಮಗಳೊಬ್ಬಳಿಗೇ, ಒಂಟಿಯಾಗಿ ಕೂರಿಸಿಕೊಂಡು ಹೇಳಿ. ಅವಳು ಒಪ್ಪಿದರೆ ಗಾಯದ ಗುರುತನ್ನೂ ತೋರಿಸಿ.

ಉತ್ತರ (ಚಿಕ್ಕಮಗಳೂರಿನಿಂದ):
ನನ್ನ ಪತ್ನಿಗೆ ಈ ಕಾಯಿಲೆ ಬಂದಾಗ ನಮ್ಮ ಮಗಳಿಗೂ ಮದುವೆಯ ವಯಸ್ಸು. ಹೇಳಬೇಕೇ ಬೇಡವೇ ಎಂದು ಹಿರಿಯರೆಲ್ಲ ಚರ್ಚಿಸುತ್ತಿದ್ದಾಗ ಮಗಳೇ, ಮುಚ್ಚಿಟ್ಟು ಮಾಡುವ ಸಂಬಂಧ ತನಗೆ ಬೇಡವೆಂದಳು. ತಾವೂ ಮೊದಲು ಮಗಳನ್ನೇ ಕೇಳಿ, ಆಮೇಲೆ ಅತ್ತೆಯವರೊಡನೆ ಮಾತನಾಡಿ. ಆ ಹೆಣ್ಣುಮಗಳು ಆಸ್ಪತ್ರೆಗೆ ಹೋಗುವಾಗ ಪಡಿತರ ಚೀಟಿ, ಆಧಾರ್ ಎರಡನ್ನೂ ಕೊಂಡೊಯ್ಯಲಿ; ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖರ್ಚಿನ ಭಯದಿಂದಲೇ ಅವಳು ಕುಯ್ಲಿನ ನೆಪ ಹೇಳುತ್ತಿರಬಹುದು.