18 ಗ್ರಾಂ ಹಾಕಿ 22.7 ಗ್ರಾಂ ಪಡೆಯಲಾಗದು, ಪುಟ್ಟಿ

ಪುಟ್ಟಿ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಸಂದೇಶವನ್ನು ಎರಡು ಸಲ ಓದಿದೆ. ಕ್ಲಾಸಿನಲ್ಲಿ ಎಲ್ಲವೂ ಅರ್ಥವಾಗುತ್ತದೆ, ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕವೂ ಅರ್ಥವಾಗುತ್ತದೆ, ಹೋಂವರ್ಕಿಗೆ ಕುಳಿತರೆ ಮಾತ್ರ ಕೈ ಓಡುವುದಿಲ್ಲ, ಕೆಮಿಸ್ಟ್ರಿ ನನ್ನ ತಲೆಗೆ ಹತ್ತುವ ವಿಷಯವೇ ಅಲ್ಲ, ವಿಷಯ ಬದಲಿಸಲು ಅರ್ಜಿ ಕೊಡುತ್ತೇನೆ ಎಂದು ಬರೆದಿದ್ದೀಯ. ಜೊತೆಗೆ ತಪ್ಪಾದ ಲೆಕ್ಕದ ಫೋಟೋ ಕಳಿಸಿದ್ದೀಯ. ಆ ಫೋಟೋ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಇಷ್ಟು ವರ್ಷ ಮೊದಲ ವರ್ಷದ ಮಕ್ಕಳಿಗೆ ಇದೇ ಪಾಠ ಮಾಡಿದವಳಾಗಿ ಹೇಳುತ್ತೇನೆ, ನಿನ್ನ ತಲೆಗೆ ಏನೂ ಆಗಿಲ್ಲ. ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ, ಪೆನ್ನು ಕಾಗದ ಹಿಡಿದುಕೊಂಡು ಕೇಳು.

ಮೊದಲು ನಿನ್ನ ಲೆಕ್ಕವನ್ನೇ ನೋಡೋಣ. 14 ಗ್ರಾಂ ಸಾರಜನಕ, 4 ಗ್ರಾಂ ಜಲಜನಕ ಸೇರಿ ಅಮೋನಿಯಾ ಆಗುತ್ತದೆ, ಎಷ್ಟು ಗ್ರಾಂ ಸಿಗಬಹುದು ಎಂಬುದು ಪ್ರಶ್ನೆ. ನೀನು ಸಮೀಕರಣವನ್ನು ಸರಿಯಾಗಿ ತೂಗಿಸಿದ್ದೀಯ: ಸಾರಜನಕದ ಒಂದು ಅಣುವಿಗೆ ಜಲಜನಕದ ಮೂರು ಅಣು, ಹುಟ್ಟುವುದು ಅಮೋನಿಯಾದ ಎರಡು ಅಣು. ಅಲ್ಲಿಯವರೆಗೆ ಒಂದು ಅಕ್ಷರವೂ ತಪ್ಪಿಲ್ಲ. ಆಮೇಲೆ “ಜಲಜನಕ 4 ಗ್ರಾಂ ಮಾತ್ರ ಇದೆ, ಕಡಿಮೆ ಇರುವುದು ಅದೇ, ಆದ್ದರಿಂದ ಮೊದಲು ಮುಗಿಯುವುದೂ ಅದೇ” ಎಂದು ಬರೆದು, ಅದರಿಂದ ಲೆಕ್ಕ ಹಾಕಿ 22.7 ಗ್ರಾಂ ಅಮೋನಿಯಾ ಎಂದು ಉತ್ತರ ಕೊಟ್ಟು, ಅದಕ್ಕೊಂದು ಚೌಕಟ್ಟನ್ನೂ ಹಾಕಿದ್ದೀಯ.

ಈಗ ಆ ಚೌಕಟ್ಟನ್ನು ನೋಡಿಕೊಂಡು ಹೇಳು. ಒಳಗೆ ಹಾಕಿದ್ದು ಎಷ್ಟು? 14 ಮತ್ತು 4, ಒಟ್ಟು 18 ಗ್ರಾಂ. ಹೊರಗೆ ಬಂದದ್ದು 22.7 ಗ್ರಾಂ. ಹೆಚ್ಚುವರಿ 4.7 ಗ್ರಾಂ ಎಲ್ಲಿಂದ ಬಂತು? ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವೋಸಿಯೇ ಮುಚ್ಚಿದ ಪಾತ್ರೆಗಳನ್ನು ತಕ್ಕಡಿಯಲ್ಲಿಟ್ಟು ಮತ್ತೆ ಮತ್ತೆ ತೂಗಿ ತೋರಿಸಿದ್ದು ಇದನ್ನೇ, ಕ್ರಿಯೆಗೆ ಮುಂಚೆ ಎಷ್ಟು ತೂಕವೋ ಆಮೇಲೂ ಅಷ್ಟೇ ತೂಕ. ಆ ನಿಯಮ ನಿನಗೆ ಗೊತ್ತು, ಪರೀಕ್ಷೆಯಲ್ಲಿ ಕೇಳಿದರೆ ಒಂದು ಪುಟ ಬರೆಯುತ್ತೀಯ. ಆದರೆ ನಿನ್ನದೇ ಉತ್ತರದ ಮುಂದೆ ಅದನ್ನು ಹಿಡಿದು ನೋಡಬೇಕೆಂದು ಹೊಳೆಯಲಿಲ್ಲ. ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದು.

ತಪ್ಪು ಎಲ್ಲಿ ಆಯಿತೆಂದರೆ, ಕಡಿಮೆ ಎಂಬುದನ್ನು ನೀನು ತಕ್ಕಡಿಯಲ್ಲಿ ನೋಡಿದೆ. ಅಣುಗಳು ಕೂಡುವುದು ಎಣಿಕೆಯ ಪ್ರಕಾರ. ಜಲಜನಕದ ಅಣು ಬಹಳ ಹಗುರ, ಸಾರಜನಕದ ಅಣು ಅದರ ಹದಿನಾಲ್ಕು ಪಟ್ಟು ಭಾರ. ಆ ಎಣಿಕೆಯ ಅಳತೆಯೇ ಮೋಲ್, ಅದೇನೆಂದು ಮುಂದೆ ಹೇಳುತ್ತೇನೆ; ಸಾರಜನಕದ ಒಂದು ಮೋಲ್ 28 ಗ್ರಾಂ ತೂಗುತ್ತದೆ, ಜಲಜನಕದ್ದು 2 ಗ್ರಾಂ. 14 ಗ್ರಾಂ ಸಾರಜನಕವೆಂದರೆ ಅರ್ಧ ಮೋಲ್, 4 ಗ್ರಾಂ ಜಲಜನಕವೆಂದರೆ ಎರಡು ಮೋಲ್. ತೂಕದಲ್ಲಿ ಚಿಕ್ಕದಾಗಿ ಕಂಡ ಜಲಜನಕ ಎಣಿಕೆಯಲ್ಲಿ ನಾಲ್ಕು ಪಟ್ಟು ಇದೆ! ಬೇಕಾಗಿರುವುದು ಮೂರು ಪಟ್ಟು ಮಾತ್ರ. ಹಾಗಾದರೆ ಮೊದಲು ಮುಗಿಯುವುದು ಸಾರಜನಕ. ಅರ್ಧ ಮೋಲ್ ಸಾರಜನಕದಿಂದ ಒಂದು ಮೋಲ್ ಅಮೋನಿಯಾ, ಅಂದರೆ 17 ಗ್ರಾಂ. ಜಲಜನಕದಲ್ಲಿ ಒಂದೂವರೆ ಮೋಲ್ ಖರ್ಚಾಗಿ ಅರ್ಧ ಮೋಲ್ ಉಳಿಯಿತು, ಅದು 1 ಗ್ರಾಂ. 17 ಮತ್ತು 1 ಕೂಡಿಸು. 18. ಈ ಹದಿನೆಂಟು ಕೂಡಿ ಬಂದಾಗ ಮನಸ್ಸಿಗೆ ಆಗುವ ಸಮಾಧಾನವನ್ನು ನೀನು ಒಮ್ಮೆ ನಿನ್ನ ಕೈಯಾರೆ ಅನುಭವಿಸಬೇಕು ಎಂಬುದೇ ನನ್ನ ಆಸೆ.

ಮೋಲ್ ಎಂದರೆ ಹೆದರುವ ಮಕ್ಕಳನ್ನು ಬಹಳ ನೋಡಿದ್ದೇನೆ. ಅದೊಂದು ಎಣಿಕೆ, ಅಷ್ಟೇ. ಜೋಡಿ ಎಂದರೆ ಎರಡು, ಡಜನ್ ಎಂದರೆ ಹನ್ನೆರಡು, ಮೋಲ್ ಎಂದರೆ 6.022 ಗುಣಿಸು ಹತ್ತರ ಘಾತ 23. ಹಳೆಯ ಪುಸ್ತಕಗಳಲ್ಲಿ 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳ ಸಂಖ್ಯೆ ಎಂದು ಇರುತ್ತದೆ. 2019ರಿಂದ ಆ ಸಂಖ್ಯೆಯನ್ನೇ ನೇರವಾಗಿ ನಿಗದಿ ಮಾಡಿದ್ದಾರೆ. ನಿನ್ನ ಪುಸ್ತಕದಲ್ಲಿ ಒಂದು, ಟಿಪ್ಪಣಿಯಲ್ಲಿ ಇನ್ನೊಂದು ಇದ್ದರೆ ಗಾಬರಿಯಾಗಬೇಡ, ನಿನ್ನ ಲೆಕ್ಕಗಳಿಗೆ ಎರಡೂ ಒಂದೇ.

ಇನ್ನು ದೊಡ್ಡಣ್ಣ, ನೀವು “ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿಸಿ, ತಾನಾಗಿ ಬರುತ್ತದೆ” ಎಂದು ಬರೆದಿದ್ದೀರಿ. ನಿಮ್ಮ ಮಾತನ್ನು ತೆಗೆದುಹಾಕುತ್ತಿಲ್ಲ, ಬಾಯಿಪಾಠ ಮಾಡಲೇಬೇಕಾದದ್ದು ಇದೆ. ಅಯಾನುಗಳ, ಅಂದರೆ ವಿದ್ಯುತ್ ಆವೇಶ ಹೊತ್ತ ಕಣಗಳ, ಹೆಸರು, ಸಂಕೇತ, ಆವೇಶ, ಇವುಗಳನ್ನು ತರ್ಕದಿಂದ ಹುಟ್ಟಿಸಲು ಆಗುವುದಿಲ್ಲ. ನೈಟ್ರೇಟ್ ಯಾವುದು ನೈಟ್ರೈಟ್ ಯಾವುದು, ಅಮೋನಿಯಾ ಯಾವುದು ಅಮೋನಿಯಂ ಯಾವುದು ಎಂದು ಪ್ರತಿ ಸಲ ಪುಸ್ತಕ ತಿರುವುತ್ತಿದ್ದರೆ ಲೆಕ್ಕದ ಎಳೆಯೇ ತಪ್ಪಿಹೋಗುತ್ತದೆ. ಪುಟ್ಟಿ, ಅದಕ್ಕೆ ಚಿಕ್ಕ ಚೀಟಿಗಳನ್ನು ಮಾಡಿಕೋ, ಒಂದು ಮಗ್ಗುಲಲ್ಲಿ ಹೆಸರು, ಹಿಂದೆ ಸಂಕೇತ. ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ಸೂತ್ರಗಳ ಮಾತು ಬೇರೆ. ಅನಿಲದ ನಿಯಮ ಬಾಯಿಗೆ ಬರುವ ಹುಡುಗರೇ 27 ಡಿಗ್ರಿಯ ಗಾಳಿಯನ್ನು ಅದೇ ಒತ್ತಡದಲ್ಲಿ 54 ಡಿಗ್ರಿಗೆ ಕಾಯಿಸಿದರೆ ಗಾತ್ರ ಇಮ್ಮಡಿ ಎಂದು ಬರೆಯುತ್ತಾರೆ. ಕೆಲ್ವಿನ್‌ನಲ್ಲಿ (ಸೆಲ್ಸಿಯಸ್ ಡಿಗ್ರಿಗೆ 273 ಸೇರಿಸಿದ ಅಳತೆ, ಅನಿಲದ ನಿಯಮ ನಡೆಯುವುದು ಅದರಲ್ಲೇ) ನೋಡಿದರೆ ಅದು ಸುಮಾರು 300ರಿಂದ 327, ಗಾತ್ರ ಹೆಚ್ಚುವುದು ನೂರಕ್ಕೆ ಒಂಬತ್ತರಷ್ಟು ಮಾತ್ರ. ಸೂತ್ರ ನೆನಪಿತ್ತು, ಅದರೊಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ.

ಸಮೀಕರಣ ತೂಗಿಸುವುದರಲ್ಲೂ ಇದೇ ಕಥೆ. ಜಲಜನಕ, ಆಮ್ಲಜನಕ ಸೇರಿ ನೀರು. ಬಲಗಡೆ ಒಂದು ಆಮ್ಲಜನಕ ಕಡಿಮೆ ಬಿತ್ತೆಂದು ಕೆಲವರು ನೀರಿನ ಸಂಕೇತದ ಕೆಳಗೇ ಒಂದು ಪುಟ್ಟ 2 ಸೇರಿಸಿಬಿಡುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ, ನೀರು ಮಾತ್ರ ಹೈಡ್ರೋಜನ್ ಪೆರಾಕ್ಸೈಡ್ ಆಗಿರುತ್ತದೆ! ಮುಂದಿನ ದೊಡ್ಡ ಅಂಕಿಯನ್ನು ಬದಲಿಸಬಹುದು, ಕೆಳಗಿನ ಪುಟ್ಟ ಅಂಕಿಯನ್ನು ಮುಟ್ಟಬಾರದು. ನೀನು ಅದನ್ನು ಮುಟ್ಟಿಲ್ಲ, ಅದಕ್ಕೇ ನಿನ್ನ ಮೇಲೆ ನನಗೆ ಭರವಸೆ.

ಈಗ ಹೋಂವರ್ಕಿಗೆ ಕುಳಿತುಕೊಳ್ಳುವ ಬಗೆ. ಬಿಡಿಸಿದ ಲೆಕ್ಕವನ್ನು ಓದುವಾಗ ಪ್ರತಿ ಸಾಲಿಗೂ ತಲೆ ಹೌದು ಎನ್ನುತ್ತದೆ. ಆದರೆ ಮುಂದಿನ ಸಾಲು ಯಾವುದು ಎಂದು ಆಗ ತೀರ್ಮಾನಿಸಿದ್ದು ಪುಸ್ತಕ, ನೀನಲ್ಲ. ಖಾಲಿ ಹಾಳೆಯ ಮುಂದೆ ಆ ತೀರ್ಮಾನವನ್ನು ನೀನೇ ಮಾಡಬೇಕು, ಅದಕ್ಕೇ ಕೈ ನಿಲ್ಲುತ್ತದೆ. ನಾನು ಓದುವಾಗಲೂ ಹೀಗೇ ಆಗಿತ್ತು. ಮೊದಲ ವರ್ಷವಿಡೀ ಗೆಳತಿಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಅಚ್ಚುಕಟ್ಟಾಗಿ ಬರೆದೆ, ಪ್ರತಿ ಪುಟಕ್ಕೂ ಸರಿ ಗುರುತು ಬಿತ್ತು. ಪರೀಕ್ಷೆಯ ದಿನ ಮೊದಲ ಪ್ರಶ್ನೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ಆ ಅರ್ಧ ಗಂಟೆ ನಿನಗೆ ಬಾರದಿರಲಿ ಎಂದೇ ಇಷ್ಟು ಹೇಳುತ್ತಿದ್ದೇನೆ.

ಹೀಗೆ ಮಾಡು. ಪುಸ್ತಕದ ಉದಾಹರಣೆಯಲ್ಲಿ ಪ್ರಶ್ನೆಯನ್ನು ಮಾತ್ರ ಓದಿ, ಉತ್ತರದ ಮೇಲೆ ಹಾಳೆ ಮುಚ್ಚು. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಎರಡನ್ನೂ ಏಕಮಾನದ ಸಮೇತ ಬರೆ. ಬರೀ 14 ಎಂದು ಬರೆಯಬೇಡ, 14 ಗ್ರಾಂ ಸಾರಜನಕ ಎಂದು ಬರೆ. ಗ್ರಾಂನಿಂದ ಮೋಲ್‌ಗೆ, ಈ ಪದಾರ್ಥದ ಮೋಲ್‌ನಿಂದ ಆ ಪದಾರ್ಥದ ಮೋಲ್‌ಗೆ, ಅಲ್ಲಿಂದ ಮತ್ತೆ ಗ್ರಾಂಗೆ ಹೋಗುವಾಗ ಏಕಮಾನಗಳು ಒಂದನ್ನೊಂದು ಹೊಡೆದುಕೊಂಡು ಹೋಗಬೇಕು. ಕೊನೆಯಲ್ಲಿ ಗ್ರಾಂ ಬರಬೇಕಾದ ಕಡೆ ಇನ್ನೇನೋ ಉಳಿದಿದ್ದರೆ, ಭಾಗಿಸಬೇಕಾದ ಕಡೆ ಗುಣಿಸಿದ್ದೀಯ ಎಂದು ಅದೇ ಹೇಳುತ್ತದೆ. ಸಿಕ್ಕಿಕೊಂಡರೆ ಹಾಳೆಯನ್ನು ಒಂದೇ ಸಾಲು ಕೆಳಗೆ ಸರಿಸು, ನೋಡು, ಮತ್ತೆ ಮುಚ್ಚು. ದಶಾಂಶಗಳನ್ನು ನಡುವೆ ಕತ್ತರಿಸಬೇಡ, ಕೊನೆಯಲ್ಲಿ ಒಂದೇ ಸಲ ಸರಿಮಾಡಿಕೋ.

ಇಪ್ಪತ್ತು ನಿಮಿಷ ಹೆಣಗಿದರೂ ಬರದಿದ್ದರೆ ಎಲ್ಲಿ ನಿಂತೆ ಎಂದು ಒಂದು ಸಾಲು ಬರೆದಿಟ್ಟು ಮುಂದಿನ ಲೆಕ್ಕಕ್ಕೆ ಹೋಗು. ಮರುದಿನ ಮೇಷ್ಟರ ಹತ್ತಿರ ಏನೂ ಅರ್ಥವಾಗಲಿಲ್ಲ ಎಂದರೆ ಅವರಿಗೂ ಎಲ್ಲಿಂದ ಹಿಡಿಯಬೇಕೆಂದು ತಿಳಿಯುವುದಿಲ್ಲ. ಮೋಲ್ ಕಂಡುಹಿಡಿದೆ, ಆಮೇಲೆ ಮೂರಕ್ಕೆ ಒಂದು ಎಂಬ ಅನುಪಾತವನ್ನು ಯಾವ ಕಡೆ ಹಾಕಬೇಕೆಂದು ಗೊತ್ತಾಗಲಿಲ್ಲ ಎಂದರೆ ಎರಡು ನಿಮಿಷದಲ್ಲಿ ದಾರಿ ತೋರಿಸುತ್ತಾರೆ. ಇದಕ್ಕಾಗಿ ಹೋಂವರ್ಕನ್ನು ಕೊಟ್ಟ ದಿನವೇ ಶುರುಮಾಡಬೇಕು. ಹಿಂದಿನ ರಾತ್ರಿ ಕುಳಿತರೆ ಕೇಳಲು ಯಾರೂ ಇರುವುದಿಲ್ಲ.

ಫೋಟೋ ತೆಗೆದರೆ ಉತ್ತರ ಕೊಡುವ ಆ್ಯಪ್ ಇದೆ ಎಂದು ನಿನ್ನ ಅಣ್ಣ ಬರೆದಿದ್ದಾನೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾನೆ. ನಿನ್ನ ಲೆಕ್ಕ ಪೂರ್ತಿಯಾಗಿ, ತಪ್ಪೋ ಸರಿಯೋ ಒಂದು ಉತ್ತರ ಬಂದ ಮೇಲೆ ತಾಳೆ ನೋಡಲು ಬಳಸು, ಬೇಡ ಎನ್ನುವುದಿಲ್ಲ. ಅದಕ್ಕೆ ಮುಂಚೆ ನೋಡಿದರೆ ನನ್ನ ಗೆಳತಿಯ ಪುಸ್ತಕವೂ ಅದೂ ಒಂದೇ.

ತಪ್ಪಾದ ಲೆಕ್ಕಗಳ ಹಾಳೆಯನ್ನು ಹರಿದು ಎಸೆಯಬೇಡ. ತಪ್ಪಿನ ಪಕ್ಕದಲ್ಲಿ ಕಾರಣವನ್ನು ಒಂದೇ ಸಾಲಿನಲ್ಲಿ ಬರೆ: “ತೂಕ ನೋಡಿದೆ, ಎಣಿಕೆ ನೋಡಲಿಲ್ಲ.” ಎರಡು ಮೂರು ದಿನ ಬಿಟ್ಟು, ಅದೇ ಲೆಕ್ಕವನ್ನು ಹೊಸ ಹಾಳೆಯಲ್ಲಿ ಏನನ್ನೂ ನೋಡದೆ ಮತ್ತೆ ಮಾಡು. ಹತ್ತು ಹೊಸ ಲೆಕ್ಕಗಳಿಗಿಂತ ಇದರ ಮೇಲೆ ನನಗೆ ನಂಬಿಕೆ ಹೆಚ್ಚು.

ವಿಷಯ ಬದಲಿಸುವ ಅರ್ಜಿಯ ಮಾತು ಸದ್ಯಕ್ಕೆ ಬೇಡ ಕಂದ. ಒಂದು ತಿಂಗಳು ಹೀಗೆ ಮಾಡಿ ನೋಡು, ಆಮೇಲೆ ನೀನು ಏನು ತೀರ್ಮಾನಿಸಿದರೂ ಅಪ್ಪನ ಹತ್ತಿರ ನಾನೇ ಮಾತನಾಡುತ್ತೇನೆ.

ಇವತ್ತಿಗೆ ಒಂದೇ ಲೆಕ್ಕ ಕೊಡುತ್ತೇನೆ, ಬರೆದುಕೋ. 8 ಗ್ರಾಂ ಮೀಥೇನ್, 16 ಗ್ರಾಂ ಆಮ್ಲಜನಕ. ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಆಗುತ್ತದೆ ಎಂದುಕೋ. ಮೊದಲು ಮುಗಿಯುವುದು ಯಾವುದು, ನೀರು ಎಷ್ಟು ಗ್ರಾಂ, ಉಳಿಯುವುದು ಏನು, ಎಷ್ಟು? ಕೊನೆಯಲ್ಲಿ ಎಲ್ಲವನ್ನೂ ಕೂಡಿಸಿ 24 ಬಂತೇ ಎಂದು ನೋಡಿ, ಆಮೇಲೆ ಹಾಳೆಯ ಫೋಟೋ ಕಳಿಸು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಅತ್ತೆ ಎಚ್ಚರವಾಗಿರುತ್ತೇನೆ. ಗ್ರೂಪಿನಲ್ಲಿ ಬೇರೆ ಯಾರೂ ಉತ್ತರ ಹೇಳಬಾರದು. ದೊಡ್ಡಣ್ಣ, ದಯವಿಟ್ಟು ನೀವೂ.