ಕರೆಂಟ್ ಲೈನಿನ ಸುತ್ತ ಇರುವುದಕ್ಕೆ ‘ವಿಕಿರಣ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ದಾವಣಗೆರೆ ಕಡೆಯ ಊರುಗಳಿಗಾಗಿ ಒಂದು ಪುಟದ ಮಾಹಿತಿ ಹಾಳೆ ಬರೆಯುತ್ತಿದ್ದೇನೆ. ಹೈಟೆನ್ಷನ್ ಲೈನಿನ ಹತ್ತಿರ ಮನೆ, ಹೊಲ ಇರುವವರು ವಿದ್ಯುತ್ ಕಂಪನಿಯವರನ್ನು ಕೇಳುವ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇರಬೇಕು. ಹರಿಹರದ ಹತ್ತಿರ ಗುತ್ತೂರಿನಲ್ಲೇ 400 ಕೆವಿ ಸ್ಟೇಷನ್ ಇದೆ, ಹಾಗಾಗಿ ಟವರ್ ಲೈನ್ ಇಲ್ಲಿ ಯಾರಿಗೂ ಹೊಸದಲ್ಲ.

ಜನ ಕೇಳುವುದು “ಲೈನಿಂದ ರೇಡಿಯೇಷನ್ ಬರ್ತತೇನ್ರಿ?” ಅಂತ. ಅದನ್ನೇ ‘ವಿಕಿರಣ’ ಅಂತ ಬರೆದರೆ ಓದುವವರಿಗೆ ಎಕ್ಸ್-ರೇ, ಕೈಗಾ ಅಣುಸ್ಥಾವರ ನೆನಪಾಗುತ್ತವೆ. ಲೈನಿನಲ್ಲಿರುವುದು 50 ಹರ್ಟ್ಸ್ ಕರೆಂಟು. ಅದರ ಸುತ್ತ ಇರುವುದು ಕ್ಷೇತ್ರ, ಅಂದರೆ ಅದರ ಪ್ರಭಾವ ಇರುವ ಜಾಗ. ದೂರ ಹೋದಂತೆ ಆ ಪ್ರಭಾವ ಬೇಗ ಇಳಿಯುತ್ತದೆ. ಮೊದಲು ವಿಕಿರಣ ಅಂದು, ಆಮೇಲೆ ‘ಇದು ಅಂಥದ್ದಲ್ಲ’ ಅಂತ ಸಮಾಧಾನ ಹೇಳಿದರೆ ಯಾರು ನಂಬುತ್ತಾರೆ?

‘ಕಾಂತಕ್ಷೇತ್ರ’ ಹತ್ತನೇ ಕ್ಲಾಸ್ ಓದಿದವರಿಗೆ ಗೊತ್ತು. ತೊಡಕಿರುವುದು ‘ವಿದ್ಯುತ್ ಕ್ಷೇತ್ರ’ದಲ್ಲಿ. ಪೇಪರಿನಲ್ಲಿ ‘ವಿದ್ಯುತ್ ಕ್ಷೇತ್ರದ ಸುಧಾರಣೆ’ ಅಂದರೆ ಆ ಉದ್ಯಮ ಅಂತ ಅರ್ಥ, ಅಲ್ವಾ? ಎರಡನ್ನೂ ಸೇರಿಸಿ ‘ವಿದ್ಯುತ್ಕಾಂತೀಯ ಕ್ಷೇತ್ರ’ ಅಂದುಬಿಡುವುದು ಸುಲಭ, ಆದರೆ ಇವೆರಡರ ಗುಣ ಬೇರೆ. ವಿದ್ಯುತ್ ಕ್ಷೇತ್ರ ವೋಲ್ಟೇಜಿನಿಂದ ಹುಟ್ಟುವಂಥದ್ದು. ಲೈನಿನ ಕೆಳಗೆ ಕಲ್ಲುಕಂಬಕ್ಕೆ ಬಿಗಿದ ತಂತಿಬೇಲಿ ಮುಟ್ಟಿದರೆ “ಜುಮ್ ಅಂತತಿ” ಅನ್ನುತ್ತಾರಲ್ಲ, ಅದು ಇದರದೇ ಕೆಲಸ. ಗೋಡೆ, ಮರ ಇದನ್ನು ತಡೆಯುತ್ತವೆ. ಕಾಂತಕ್ಷೇತ್ರ ಹರಿಯುವ ಕರೆಂಟಿನಿಂದ ಹುಟ್ಟುವಂಥದ್ದು. ಲೋಡ್ ಏರಿದಂತೆ ಏರುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ, ಮೈಗೆ ಗೊತ್ತೇ ಆಗುವುದಿಲ್ಲ. ಆರೋಗ್ಯದ ಚರ್ಚೆ ಬಹುಪಾಲು ಇದರ ಬಗ್ಗೆಯೇ. ಸದ್ಯಕ್ಕೆ ‘ವೋಲ್ಟೇಜ್ ಕ್ಷೇತ್ರ’, ‘ಕಾಂತಕ್ಷೇತ್ರ’ ಅಂತ ಬರೆದಿದ್ದೇನೆ. ‘ಕ್ಷೇತ್ರ’ದ ಬದಲು ‘ಸೆಳೆತ’ ಅನ್ನೋಣ ಅಂದರೆ, ಕರೆಂಟು ಮನುಷ್ಯನನ್ನು ಎಳೆದುಕೊಳ್ಳುತ್ತದೆ ಅನ್ನುವ ಹೆದರಿಕೆ ಮೊದಲೇ ಇದೆ.

ಇನ್ನು ‘ಬಹುದು’ ಅನ್ನುವ ಮಾತಿನ ತೊಡಕು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಕಾಂತಕ್ಷೇತ್ರವನ್ನು 2ಬಿ ಗುಂಪಿಗೆ, ಅಂದರೆ ಸೀಮಿತ ಪುರಾವೆಯ ಮೇಲೆ ‘ಕ್ಯಾನ್ಸರ್ ತರುವ ಸಾಧ್ಯತೆ ಇದೆ’ ಅನ್ನುವ ಗುಂಪಿಗೆ ಸೇರಿಸಿತು. ಪುರಾವೆ ಇನ್ನೂ ಗಟ್ಟಿ ಇದ್ದರೆ 2ಎ. ಎರಡಕ್ಕೂ ನಮ್ಮಲ್ಲಿ ‘ಕ್ಯಾನ್ಸರ್ ತರಬಹುದು’ ಅಂತಲೇ ಬರೆಯುತ್ತಾರೆ. ನಾನು ಬಿಡಿಸಿ ಬರೆದೆ (ಮೈಕ್ರೋಟೆಸ್ಲಾ ಅಂದರೆ ಕಾಂತಕ್ಷೇತ್ರ ಅಳೆಯುವ ಮಾನ): ‘ಸರಾಸರಿ 0.3–0.4 ಮೈಕ್ರೋಟೆಸ್ಲಾಗಿಂತ ಜಾಸ್ತಿ ಇದ್ದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿದೆ. ಅದಕ್ಕೆ ಇದೇ ಕಾರಣ ಅಂತ ಸಾಬೀತಾಗಿಲ್ಲ.’ ಉದ್ದವಾಯಿತು, ನಿಜ. ಆದರೆ ‘ಯಾವ ಅಪಾಯವೂ ಇಲ್ಲ’ ಅಂತ ಬರೆಯಲು ನನಗೆ ಮನಸ್ಸಿಲ್ಲ.

ನನಗೆ ನಿಜಕ್ಕೂ ನೆರವು ಬೇಕಿರುವುದು ಇಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ಕೇಳಿದರೆ ವಿದ್ಯುತ್ ಕಂಪನಿಯವರು ಮೀಟರ್ ತಂದು ಅಳೆದು ತೋರಿಸಬೇಕು ಅಂತ 1993ರಲ್ಲೇ ಆದೇಶವಾಗಿದೆ. ನಮ್ಮಲ್ಲೂ ಹಾಗೆ ಅಳೆದರೆ ಮನೆಯವರು ಮೊದಲು ಕೇಳುವುದು “ಇದು ಜಾಸ್ತಿನಾ?” ಅಂತ. 2010ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಜನರಿಗೆ ಹಾಕಿದ ಮಿತಿ 200 ಮೈಕ್ರೋಟೆಸ್ಲಾ. ಅದು ನರಗಳ ಮೇಲೆ ತಕ್ಷಣ ಆಗುವ ಪರಿಣಾಮಕ್ಕೆ ಹಾಕಿದ್ದು. ವರ್ಷಗಟ್ಟಲೆ ಅಲ್ಲೇ ವಾಸ ಮಾಡುವವರ ಲೆಕ್ಕವಲ್ಲ. ಹಾಗಿರುವಾಗ ‘ಸುರಕ್ಷಿತ ಮಿತಿ’ ಅನ್ನುವುದು ಸರಿಯಾ? ‘ತಕ್ಷಣದ ಪರಿಣಾಮದ ಮಿತಿ’ ಅಂದರೆ ಲೈನ್‌ಮನ್ ಬಾಯಲ್ಲಿ ನಿಲ್ಲುತ್ತಾ?