ಅಟ್ಲಾಂಟಿಕ್ ಹರಿಕೇನ್ ಸೀಸನ್: 2005 ದೊಡ್ಡದಾ, 2020 ದೊಡ್ಡದಾ?

ರಘು_ಹಾಸನ
ಹರಿಕೇನ್‌ಗಳ ಬಗ್ಗೆ ಓದುತ್ತಾ ಕೂತರೆ ಒಂದು ಗೊಂದಲ ಬಿಡುತ್ತಲೇ ಇಲ್ಲ. 2005ರಲ್ಲಿ ಅಟ್ಲಾಂಟಿಕ್‌ನಲ್ಲಿ ಒಟ್ಟು 28 ಚಂಡಮಾರುತ ಎದ್ದವು, 2020ರಲ್ಲಿ 30. ಅಂದಮೇಲೆ ದಾಖಲೆ 2020ರದ್ದೇ ಅಲ್ವಾ? ಆದರೂ ತುಂಬಾ ಜನ ಈಗಲೂ 2005ರ ಮಾತೇ ಆಡುತ್ತಾರೆ. ಕತ್ರಿನಾ ಒಂದರಿಂದಲೇ ಹೀಗಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮುಂಗಾರುಪ್ರಿಯ
ರಘು ಅವರೇ, ಬರೀ ಎಣಿಕೆ ನೋಡಿದರೆ 2020 ಮುಂದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಗಾಳಿ ಗಂಟೆಗೆ 63 ಕಿ.ಮೀ. ಮುಟ್ಟಿದರೆ ಸಾಕು, ಹೆಸರು ಸಿಗುತ್ತದೆ. ಎರಡು ದಿನ ಸಮುದ್ರದಲ್ಲೇ ಸುತ್ತಾಡಿ ಸತ್ತುಹೋದದ್ದೂ ಒಂದು, ಊರಿಗೆ ಊರನ್ನೇ ಕೊಚ್ಚಿಕೊಂಡು ಹೋದದ್ದೂ ಒಂದು. ಅದಕ್ಕೇ ವಿಜ್ಞಾನಿಗಳು ಎಸಿಇ ಅಂತ ಬೇರೆ ಲೆಕ್ಕ ಇಟ್ಟಿದ್ದಾರೆ. ಪ್ರತಿ ಆರು ಗಂಟೆಗೊಮ್ಮೆ ಗಾಳಿಯ ಗರಿಷ್ಠ ವೇಗ ತೆಗೆದುಕೊಂಡು, ಅದರ ವರ್ಗ ಮಾಡಿ, ಇಡೀ ಸೀಸನ್‌ದು ಕೂಡಿಸುತ್ತಾರೆ. ವೇಗ ಎರಡು ಪಟ್ಟಾದರೆ ಅಂಕ ನಾಲ್ಕು ಪಟ್ಟು. ಈ ಲೆಕ್ಕದಲ್ಲಿ 2005ಕ್ಕೆ ಸುಮಾರು 245, 2020ಕ್ಕೆ ಸುಮಾರು 180. ವ್ಯತ್ಯಾಸ ಸಣ್ಣದಲ್ಲ.

2005ರಲ್ಲಿ ಎಮಿಲಿ, ಕತ್ರಿನಾ, ರೀಟಾ, ವಿಲ್ಮಾ ನಾಲ್ಕೂ ಕ್ಯಾಟಗರಿ 5 ಮುಟ್ಟಿದವು (ಗಾಳಿಯ ವೇಗ ನೋಡಿ ಹರಿಕೇನ್‌ಗೆ 1ರಿಂದ 5ರವರೆಗೆ ಕ್ಯಾಟಗರಿ ಕೊಡುತ್ತಾರೆ, 5 ಅಂದರೆ ಎಲ್ಲಕ್ಕಿಂತ ಜೋರು). 2020ರಲ್ಲಿ ಅಯೋಟಾ ಮಾತ್ರ ಮುಟ್ಟಿದೆ ಅಂದುಕೊಂಡಿದ್ದರು, ಸೀಸನ್ ಮುಗಿದ ಮೇಲೆ ಮತ್ತೆ ಪರಿಶೀಲಿಸಿ ಅದನ್ನೂ 4ಕ್ಕೆ ಇಳಿಸಿದರು. ಅಂದರೆ 30ರಲ್ಲಿ ಒಂದೂ 5 ಇಲ್ಲ!

ಇನ್ನು ವಿಲ್ಮಾ. ನನಗಂತೂ ಇದರ ಬಗ್ಗೆ ಎಷ್ಟು ಓದಿದರೂ ಸಾಲದು. ಅಕ್ಟೋಬರ್ 19ರಂದು ವಿಮಾನ ಅದರ ಒಳಗೆ ಹೋಗಿ ಅಳೆದಾಗ ನಡುವಿನ ಗಾಳಿಯ ಒತ್ತಡ 882 ಮಿಲಿಬಾರ್; ಇದು ಕಡಿಮೆಯಾದಷ್ಟೂ ಚಂಡಮಾರುತ ಜೋರು. ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ ಇರುವುದು 1013. ಅಟ್ಲಾಂಟಿಕ್‌ನಲ್ಲಿ ಇಷ್ಟು ಕಡಿಮೆ ಒತ್ತಡ ಇವತ್ತಿಗೂ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಗಾಳಿಯ ಜೋರಿನಲ್ಲಿ ಇನ್ನೂ ಹರಿಕೇನ್ ಮಟ್ಟ ಕೂಡ ಮುಟ್ಟಿರದ ಚಂಡಮಾರುತ ಒಂದೇ ದಿನದಲ್ಲಿ ಕ್ಯಾಟಗರಿ 5 ಆಯಿತು. ಆಗ ಅದರ ಕಣ್ಣು, ಅಂದರೆ ನಟ್ಟನಡುವಿನ ಶಾಂತ ಭಾಗ, ಕುಗ್ಗಿ ನಾಲ್ಕು ಕಿ.ಮೀ.ಗಿಂತ ಕಡಿಮೆ ಅಗಲಕ್ಕೆ ಬಂದಿತ್ತು.

ಹೂಸ್ಟನ್_ಕನ್ನಡತಿ
ಮೇಲಿನ ಲೆಕ್ಕ ಸರಿ, ಆದರೆ 2020 ಸುಮ್ನೆ ಸಂಖ್ಯೆಯ ದಾಖಲೆ ಅಂತ ಮಾತ್ರ ಅನ್ನಬೇಡಿ. ಆ ವರ್ಷ ಲೂಸಿಯಾನ ರಾಜ್ಯ ಒಂದಕ್ಕೇ ಐದು ಅಪ್ಪಳಿಸಿದವು. ಆಗಸ್ಟ್ 27ಕ್ಕೆ ಕ್ಯಾಮರನ್ ಹತ್ತಿರ ಲಾರಾ ಬಂತು, ಗಂಟೆಗೆ ಸುಮಾರು 240 ಕಿ.ಮೀ. ಗಾಳಿ. ಅಕ್ಟೋಬರ್ 9ಕ್ಕೆ ಅಲ್ಲಿಂದ ಸುಮಾರು ಇಪ್ಪತ್ತು ಕಿ.ಮೀ. ದೂರದಲ್ಲಿ ಡೆಲ್ಟಾ. ಆ ಚಳಿಗಾಲದಲ್ಲಿ ನಾವು ಕಾರಿನಲ್ಲಿ ಅದೇ ಭಾಗದ ಲೇಕ್ ಚಾರ್ಲ್ಸ್ ಊರು ದಾಟಿ ಹೋಗಿದ್ದೆವು. ಹೆದ್ದಾರಿಯಿಂದ ನೋಡಿದರೆ ಮನೆ ಮನೆಯ ಮೇಲೂ ನೀಲಿ ಟಾರ್ಪಾಲು, ರಸ್ತೆ ಬದಿಯಲ್ಲಿ ನೆನೆದ ಸೋಫಾ, ಹಾಸಿಗೆ, ಕಿತ್ತು ಹಾಕಿದ ಗೋಡೆ ಹಲಗೆ. ಲಾರಾಗೆ ಚಾವಣಿ ಹಾರಿಹೋಗಿ ಟಾರ್ಪಾಲು ಹೊದಿಸಿಕೊಂಡವರ ಮನೆಗೆ ಡೆಲ್ಟಾದ ಮಳೆ ನೇರ ಒಳಗೇ ಸುರಿದಿತ್ತು. ಡೆಲ್ಟಾ ಬರೀ ಕ್ಯಾಟಗರಿ 2. ಆದರೆ ಅದು ಬಂದದ್ದು ಆಗಲೇ ಮುರಿದುಹೋಗಿದ್ದ ಊರಿನ ಮೇಲೆ.

ನಿಕರಾಗುವಾ ಕಥೆ ಇನ್ನೂ ಕಷ್ಟದ್ದು. ನವೆಂಬರ್ 3ಕ್ಕೆ ಈಟಾ, ಎರಡು ವಾರದೊಳಗೆ ಅಯೋಟಾ, ಹೆಚ್ಚುಕಡಿಮೆ ಒಂದೇ ದಡಕ್ಕೆ. ಎರಡೂ ಕ್ಯಾಟಗರಿ 4. ಎಸಿಇ ಅಂಕದಲ್ಲಿ ಇದು ಎಲ್ಲಿ ಕಾಣುತ್ತದೆ ಹೇಳಿ?

ಮುಂಗಾರುಪ್ರಿಯ
ಖಂಡಿತ ಕಾಣುವುದಿಲ್ಲ ಮೇಡಂ. 2005ರ ಸ್ಟಾನ್ ಕೂಡ ಹಾಗೇ. ಅದು ಬರೀ ಕ್ಯಾಟಗರಿ 1. ಆದರೆ ಆ ದಿನಗಳ ಮಳೆಗೆ ಗ್ವಾಟೆಮಾಲಾ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಜನ ಸತ್ತರು, ಪನಬಾಹ್ ಅನ್ನೋ ಹಳ್ಳಿ ಮಣ್ಣು ಕುಸಿದು ಹೂತೇಹೋಯಿತು. ಕತ್ರಿನಾದಲ್ಲೂ ತಡೆಗೋಡೆಗಳು ಒಡೆದು ನ್ಯೂ ಆರ್ಲಿಯನ್ಸ್‌ನ ಸುಮಾರು 80% ಮುಳುಗಿತು, ಗಾಳಿಗಿಂತ ಜಾಸ್ತಿ ಜನರನ್ನು ಕೊಂದದ್ದು ನೀರು.

ಹಳೇ_ನಕ್ಷೆ
ಇಬ್ಬರೂ ಬಿಟ್ಟ ಒಂದು ವರ್ಷ ಇದೆ, 1933. ಎಸಿಇ ಲೆಕ್ಕದಲ್ಲಿ ಅಟ್ಲಾಂಟಿಕ್‌ನ ಮೊದಲ ಸ್ಥಾನ ಅದರದ್ದೇ, ಸುಮಾರು 259. ಆಗ ಉಪಗ್ರಹ ಇಲ್ಲ, ಹರಿಕೇನ್ ಒಳಗೆ ಹೋಗುವ ವಿಮಾನ ಇಲ್ಲ. ಹಡಗಿನವರು ಬರೆದಿಟ್ಟದ್ದು, ದಡದ ಊರುಗಳಲ್ಲಿ ಅಳೆದದ್ದು, ಅಷ್ಟರಲ್ಲೇ 20 ಚಂಡಮಾರುತ ದಾಖಲಾಗಿವೆ. ನಡುಸಮುದ್ರದಲ್ಲಿ ಹುಟ್ಟಿ ಅಲ್ಲೇ ಸತ್ತ ಎಷ್ಟನ್ನು ಯಾರೂ ನೋಡಲೇ ಇಲ್ಲವೋ! ಹಾಗಾಗಿ ಎಣಿಕೆಯ ದಾಖಲೆಯನ್ನು 1960ರ ಈಚೆಗೆ ಮಾತ್ರ ಹೋಲಿಸುವುದು ನ್ಯಾಯ.

ರಘು_ಹಾಸನ
ಎಲ್ಲರಿಗೂ ಧನ್ಯವಾದ, 1933 ಗೊತ್ತೇ ಇರಲಿಲ್ಲ. ಇನ್ನೊಂದು ಪ್ರಶ್ನೆ. ವರ್ಷಕ್ಕೆ 21 ಹೆಸರು ಮಾತ್ರ ಇಟ್ಟಿರುತ್ತಾರಲ್ಲ, ಅವು ಮುಗಿದರೆ?

ಹಳೇ_ನಕ್ಷೆ
ಮೊದಲು ಗ್ರೀಕ್ ಅಕ್ಷರ ಹಿಡಿಯುತ್ತಿದ್ದರು. 2005ರಲ್ಲಿ ಆಲ್ಫಾದಿಂದ ಝೀಟಾ ತನಕ ಆರು. ಆ ಝೀಟಾ ಹುಟ್ಟಿದ್ದು ಡಿಸೆಂಬರ್ 30ಕ್ಕೆ, ಮುಗಿದದ್ದು 2006ರ ಜನವರಿಯಲ್ಲಿ. 2020ರಲ್ಲಿ ಒಂಬತ್ತು ಅಕ್ಷರ ಬೇಕಾದವು. ಸೆಪ್ಟೆಂಬರ್ 18ರ ಒಂದೇ ದಿನ ವಿಲ್‌ಫ್ರೆಡ್, ಆಲ್ಫಾ, ಬೀಟಾ ಮೂರಕ್ಕೂ ಹೆಸರಿಟ್ಟರು. ಆಮೇಲೆ ಝೀಟಾ, ಈಟಾ, ಥೀಟಾ ಸಾಲಾಗಿ ಬಂದಾಗ ಎಚ್ಚರಿಕೆ ಕೇಳುವ ಜನರಿಗೆ ಯಾವುದು ಯಾವುದು ಅಂತಲೇ ತಿಳಿಯದಂತಾಯಿತು. ಭಾರಿ ಹಾನಿ ಮಾಡಿದ ಹೆಸರನ್ನು ಪಟ್ಟಿಯಿಂದ ಶಾಶ್ವತವಾಗಿ ತೆಗೆಯುವ ಪದ್ಧತಿ ಬೇರೆ ಇದೆ, ಅಕ್ಷರಮಾಲೆಯಿಂದ ಒಂದು ಅಕ್ಷರ ತೆಗೆಯುವುದು ಹೇಗೆ? 2021ರ ಮಾರ್ಚ್‌ನಲ್ಲಿ ವಿಶ್ವ ಹವಾಮಾನ ಸಂಸ್ಥೆ ಗ್ರೀಕ್ ಬಿಟ್ಟು, ಹೆಚ್ಚುವರಿ ಹೆಸರುಗಳ ಬೇರೆ ಪಟ್ಟಿ ಮಾಡಿತು. ಅದೇ ವರ್ಷ ವಾಂಡಾವರೆಗೆ 21 ಹೆಸರೂ ಖಾಲಿ. ಇನ್ನೊಂದು ಎದ್ದಿದ್ದರೆ ಹೊಸ ಪಟ್ಟಿ ಆಗಲೇ ತೆರೆಯಬೇಕಿತ್ತು.